ಸಣ್ಣಕ್ಷರದ ಪ್ರಾಕ್ಸಿ

ಕೋಲ್ಕತ್ತಾದ ಕಾಳಿಘಾಟ್ ದೇವಸ್ಥಾನದಲ್ಲಿ ಪೂಜೆ ಮಾಡಿಸಲು ಬಂದವರನ್ನು ಪಂಡಾ ಮೊದಲು ಕೇಳುವುದು ಎರಡು ಸಂಗತಿ: ಹೆಸರು, ಗೋತ್ರ. ಕರ್ನಾಟಕದ ದೇವಸ್ಥಾನಗಳಲ್ಲಾದರೆ ಅರ್ಚಕರು ನಕ್ಷತ್ರ, ರಾಶಿಗಳನ್ನೂ ಕೇಳುತ್ತಾರೆ. ಸಂಕಲ್ಪದಲ್ಲಿ ಇದನ್ನು ಒಮ್ಮೆ ಹೇಳಿದರೆ ಆಯಿತು. ಆಮೇಲೆ ಏರಿಸುವ ಕೆಂಪು ದಾಸವಾಳಕ್ಕೆ, ಇಡುವ ಪೇಡಕ್ಕೆ, ಬೆಳಗುವ ಆರತಿಗೆ ಒಂದೊಂದಕ್ಕೂ ಇದು ಇಂಥವರದು ಎಂದು ಮತ್ತೆ ಹೇಳಬೇಕಾಗಿಲ್ಲ. ಮೊದಲು ಹೇಳಿದ್ದು ಕೊನೆಯವರೆಗೂ ಅನ್ವಯಿಸುತ್ತದೆ.

ಇನ್ನೊಂದು ಸಂಗತಿಯೂ ಅಲ್ಲಿದೆ. ಬಂದವರು ತಾವೇ ದೇವಿಗೆ ಹೂವು ಏರಿಸುವುದಿಲ್ಲ, ನಡುವೆ ಒಬ್ಬರ ಕೈಗೆ ಕೊಡುತ್ತಾರೆ. ಕಾಳಿಘಾಟ್‌ನ ಪಾರಂಪರಿಕ ಸೇವಾಯತರು ಹಾಲ್ದಾರ್ ಮನೆತನದವರು. ಅವರಲ್ಲಿ ಪೂಜೆಯ ದಿನಗಳು ಪಾಲಾಗಳಾಗಿ ಹಂಚಿಹೋಗಿವೆ. ನಮ್ಮ 'ಪಾಳಿ' ಎಂಬ ಮಾತಿನ ಅರ್ಥವೇ ಅದರದು. ಈ ಪಾಳಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗಬೇಕು ಎಂಬ ತಕರಾರು ಕಲ್ಕತ್ತಾ ಹೈಕೋರ್ಟಿನವರೆಗೆ ಹೋಗಿತ್ತು. 1915ರ ಕಾನೂನು ವರದಿಗಳಲ್ಲಿ ಸೇರಿದ ಮಹಾಮಾಯಾ ದೇವಿ ಮತ್ತು ಹರಿದಾಸ್ ಹಾಲ್ದಾರ್ ಪ್ರಕರಣ, ಶೆಬಾಯಿತರ ಹಕ್ಕಿನ ವಿಚಾರ ಬಂದಾಗಲೆಲ್ಲ ಉಲ್ಲೇಖವಾಗುತ್ತದೆ. ನಡುವೆ ನಿಲ್ಲುವವರು ಯಾರು, ಅವರನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಒಮ್ಮೆ ಹೇಳಿ ಎಲ್ಲಕ್ಕೂ ಅನ್ವಯಿಸುವುದು, ಮತ್ತು ನಡುವಿನವರ ಮೂಲಕ ನಡೆಸುವುದು. ಕಂಪ್ಯೂಟರ್ ಜಾಲದಲ್ಲೂ ಈ ಎರಡು ಏರ್ಪಾಡುಗಳಿವೆ. ಮೊದಲನೆಯದರ ಹೆಸರು ಎನ್ವಿರಾನ್‌ಮೆಂಟ್ ವೇರಿಯೇಬಲ್, ಎರಡನೆಯದರದು ಪ್ರಾಕ್ಸಿ. 1994ರಲ್ಲಿ ಇವೆರಡೂ ಒಂದು ಹೆಸರಿನಲ್ಲಿ ಕೂಡಿಕೊಂಡವು. ಇಂಗ್ಲಿಷಿನ ಎಚ್‌ಟಿಟಿಪಿ, ಒಂದು ಅಡಿಗೆರೆ, ಪ್ರಾಕ್ಸಿ ಎಂಬ ಮಾತು: ಇಷ್ಟೇ ಆ ಹೆಸರು. ಜಾಲದಿಂದ ಕಡತ ತರುವ 'ಕರ್ಲ್' ಎಂಬ ಸಲಕರಣೆ ಈ ಹೆಸರನ್ನು ಸಣ್ಣಕ್ಷರದಲ್ಲಿ ಬರೆದರೆ ಮಾತ್ರ ಒಪ್ಪುತ್ತದೆ, ದೊಡ್ಡಕ್ಷರದಲ್ಲಿ ಬರೆದರೆ ಕಣ್ಣೆತ್ತಿಯೂ ನೋಡುವುದಿಲ್ಲ. ಇದೇ ಬಗೆಯ ಬೇರೆ ಹೆಸರುಗಳನ್ನು ಎರಡು ರೂಪದಲ್ಲೂ ಒಪ್ಪುವ ಕರ್ಲ್‌ಗೆ ಇದೊಂದರ ಮೇಲೆ ಮಾತ್ರ ಮಡಿವಂತಿಕೆ ಏಕೆ? ಅದರ ಹಿಂದೆ ಹತ್ತಿರ ಹತ್ತಿರ ನಲವತ್ತು ವರ್ಷಗಳ ಕಥೆಯಿದೆ.

ಹೇಳದೆ ತಿಳಿಯುವ ಮಾತು

ಮನೆಯಲ್ಲಿ ಯಾರಾದರೂ 'ಅಂಗಡಿಗೆ ಹೋಗಿ ಬಾ' ಎಂದರೆ ಯಾವ ಅಂಗಡಿ ಎಂದು ಯಾರೂ ಕೇಳುವುದಿಲ್ಲ. 'ನಾಳೆ', 'ಇಲ್ಲಿ', 'ಅವರು' ಎಂಬ ಮಾತುಗಳಿಗೂ ಅರ್ಥ ಬರುವುದು ಆಡಿದ ಸಂದರ್ಭದಿಂದ. ಭಾಷೆಯ ಮಿತವ್ಯಯ ಇದು: ಸಂದರ್ಭ ಹೇಳುವುದನ್ನು ಮಾತು ಮತ್ತೆ ಹೇಳುವುದಿಲ್ಲ.

ಕಂಪ್ಯೂಟರಿಗೆ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಕೊಡುವಾಗಲೂ ಇಂಥ ಸಂದರ್ಭ ಬೇಕಾಗುತ್ತದೆ. ಬಳಸುವವರ ಮನೆಯ ಫೋಲ್ಡರ್ ಯಾವುದು, ಪರದೆ ಯಾವ ಬಗೆಯದು, ಪ್ರೋಗ್ರಾಮ್‌ಗಳನ್ನು ಎಲ್ಲಿ ಹುಡುಕಬೇಕು ಎಂಬುದನ್ನೆಲ್ಲ ಪ್ರತಿ ಸಲವೂ ಟೈಪ್ ಮಾಡುತ್ತಾ ಕೂತರೆ ಕೆಲಸ ಸಾಗದು. ಅಮೆರಿಕದ ಬೆಲ್ ಲ್ಯಾಬ್ಸ್ 1979ರಲ್ಲಿ ಹೊರತಂದ ಯುನಿಕ್ಸ್‌ನ ಏಳನೆಯ ಆವೃತ್ತಿ ಇದಕ್ಕೆ ಒಂದು ಉಪಾಯ ತಂದಿತು. ಪ್ರತಿ ಪ್ರೋಗ್ರಾಮ್ ಶುರುವಾಗುವಾಗ ಅದರ ಕೈಗೆ ಒಂದು ಪಟ್ಟಿ ಕೊಡುವುದು. ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದು ಹೆಸರು, ಸಮ ಚಿಹ್ನೆ, ಒಂದು ಬೆಲೆ. ಹೋಮ್ ಎಂದರೆ ಇಂಥ ಫೋಲ್ಡರ್, ಟರ್ಮ್ ಎಂದರೆ ಇಂಥ ಪರದೆ. ಇದೇ ಎನ್ವಿರಾನ್‌ಮೆಂಟ್, ಅದರ ಒಂದೊಂದು ಸಾಲೂ ಒಂದು ವೇರಿಯೇಬಲ್. ಸ್ಟೀವನ್ ಬೋರ್ನ್ ಬರೆದ ಶೆಲ್ ಕೂಡ ಅದೇ ಆವೃತ್ತಿಯಲ್ಲಿ ಬಂತು. ಅದರಲ್ಲಿ ಒಂದು ಹೆಸರಿಗೆ ಬೆಲೆ ಕೊಟ್ಟು 'ಎಕ್ಸ್‌ಪೋರ್ಟ್' ಎಂದರೆ, ಆಮೇಲೆ ಓಡಿಸುವ ಪ್ರೋಗ್ರಾಮ್‌ಗಳಿಗೆಲ್ಲ ಅದು ತಲುಪುತ್ತದೆ. ಎಕ್ಸ್‌ಪೋರ್ಟ್ ಮಾಡದಿದ್ದರೆ ಶೆಲ್ಲಿನಲ್ಲೇ ಉಳಿಯುತ್ತದೆ.

ಈ ಪಟ್ಟಿಯ ಹರಿವು ಒಂದೇ ದಿಕ್ಕಿನದು. ಒಂದು ಪ್ರೋಗ್ರಾಮ್ ಇನ್ನೊಂದನ್ನು ಹುಟ್ಟಿಸಿದಾಗ ಮಗುವಿಗೆ ಪಟ್ಟಿಯ ಒಂದು ಪ್ರತಿ ಸಿಗುತ್ತದೆ. ಮಗು ತನ್ನ ಪ್ರತಿಯನ್ನು ತಿದ್ದಿಕೊಳ್ಳಬಹುದು, ತಾಯಿಯದನ್ನು ತಿದ್ದಲಾಗದು. ಮೊಮ್ಮಗುವಿಗೆ ಹೋಗುವುದು ಮಗುವಿನ ಪ್ರತಿ. ಹೀಗೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಹೋಗುತ್ತದೆ. ಆದರೆ ಪಟ್ಟಿಯ ಯಾವ ಸಾಲನ್ನು ಯಾರು ಬರೆದರು ಎಂಬ ಮಾಹಿತಿ ಅದರಲ್ಲಿಲ್ಲ. ಹೆಸರಿದೆ, ಬೆಲೆಯಿದೆ, ಬರೆದವರ ಸಹಿ ಇಲ್ಲ. 1979ರಲ್ಲಿ ಇದು ಯಾರಿಗೂ ಕೊರತೆ ಎನಿಸಲಿಲ್ಲ. ಪಟ್ಟಿಯನ್ನು ಬರೆಯುತ್ತಿದ್ದವರು ಆ ಯಂತ್ರವನ್ನು ನೋಡಿಕೊಳ್ಳುವವರು ಅಥವಾ ಅದರ ಮುಂದೆ ಕೂತವರು, ಇಬ್ಬರೇ.

ಗೋಡೆಯ ಆಚೆಗೆ ಕೈ ಚಾಚಿದವರು

ವರ್ಲ್ಡ್ ವೈಡ್ ವೆಬ್ ಹುಟ್ಟಿದ ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ 1994ರ ಹೊತ್ತಿಗೆ ಹೊಸದೊಂದು ತೊಡಕು ಎದುರಾಗಿತ್ತು. ಕಂಪನಿಗಳು ತಮ್ಮ ಒಳಜಾಲಕ್ಕೆ ಫೈರ್‌ವಾಲ್ ಕಟ್ಟಿಕೊಳ್ಳುತ್ತಿದ್ದವು. ಒಳಗಿನ ಯಂತ್ರಗಳಿಗೆ ಹೊರಜಗತ್ತಿನ ನೇರ ಸಂಪರ್ಕವಿಲ್ಲ. ಹಾಗಾದರೆ ಒಳಗಿನವರು ವೆಬ್ ನೋಡುವುದು ಹೇಗೆ? ಸರ್ನ್‌ನ ಆರಿ ಲುವೊಟೊನೆನ್ ಮತ್ತು ಇಂಟೆಲ್‌ನ ಕೆವಿನ್ ಆಲ್ಟಿಸ್ ಆ ವರ್ಷ ಬರೆದ ಪ್ರಬಂಧವೊಂದು ಉತ್ತರ ಕೊಟ್ಟಿತು. ಗೋಡೆಯಲ್ಲಿ ಒಂದೇ ಒಂದು ಯಂತ್ರಕ್ಕೆ ಹೊರಹೋಗಲು ಬಿಡಿ. ಒಳಗಿನವರ ಬೇಡಿಕೆಯನ್ನೆಲ್ಲ ಅದು ಪಡೆದು, ತಾನು ಹೋಗಿ ತಂದು, ಕೇಳಿದವರಿಗೆ ಕೊಡಲಿ. ತಂದದ್ದರ ಒಂದು ಪ್ರತಿಯನ್ನು ಇಟ್ಟುಕೊಂಡರೆ ಇನ್ನೊಬ್ಬರು ಅದನ್ನೇ ಕೇಳಿದಾಗ ಮತ್ತೆ ಹೊರಗೆ ಹೋಗುವ ಕೆಲಸವಿಲ್ಲ. ಇದೇ ವೆಬ್ ಪ್ರಾಕ್ಸಿ.

ಪ್ರಾಕ್ಸಿ ಎಲ್ಲಿದೆ ಎಂದು ಬ್ರೌಸರಿಗೆ ಹೇಳುವುದು ಹೇಗೆ? ಆಗಿನ ಬ್ರೌಸರುಗಳಲ್ಲಿ ಸೆಟ್ಟಿಂಗ್ಸ್ ಎಂಬ ಪುಟ ಅಷ್ಟಾಗಿ ಇರಲಿಲ್ಲ. ಯುನಿಕ್ಸ್‌ನಲ್ಲಿ ಸಿದ್ಧವಾಗಿದ್ದ ಪಟ್ಟಿ ಇದ್ದೇ ಇತ್ತು. ಎಚ್‌ಟಿಟಿಪಿ ವಿಳಾಸಗಳಿಗೆ ಒಂದು ವೇರಿಯೇಬಲ್, ಎಫ್‌ಟಿಪಿಗೆ ಒಂದು, ಆಗಿನ್ನೂ ಬಳಕೆಯಲ್ಲಿದ್ದ ಗೋಫರ್ ಮತ್ತು ವೇಯ್ಸ್‌ಗೆ ಒಂದೊಂದು. ನಾಲ್ಕೂ ಹೆಸರನ್ನು ಸಣ್ಣಕ್ಷರದಲ್ಲಿ ಬರೆದರು. ಯುನಿಕ್ಸ್‌ನ ರೂಢಿ ಬೇರೆ: ಹೋಮ್, ಪಾತ್, ಟರ್ಮ್ ಎಲ್ಲವೂ ದೊಡ್ಡಕ್ಷರದವು. ರೂಢಿಗೆ ಒಗ್ಗಿದ ಕೈ ದೊಡ್ಡಕ್ಷರವನ್ನೇ ಟೈಪ್ ಮಾಡುತ್ತದೆ. ಹೀಗಾಗಿ ಆಮೇಲೆ ಬಂದ ಹಲವು ಪ್ರೋಗ್ರಾಮ್‌ಗಳು, ಬಳಸುವವರಿಗೆ ತೊಂದರೆಯಾಗದಿರಲಿ ಎಂದು, ಎರಡು ರೂಪಗಳನ್ನೂ ಓದತೊಡಗಿದವು. ಈ ಔದಾರ್ಯವೇ ಮುಂದೆ ಮುಳುವಾಯಿತು.

ಕಲ್ಕತ್ತಾಕ್ಕೆ ಬಂದ ತಂತಿ

1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತಾದ ರೈಟರ್ಸ್ ಬಿಲ್ಡಿಂಗಿನಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರಿಗೆ ಮೊಬೈಲ್ ಕರೆ ಮಾಡಿದರು. ದೇಶದ ಮೊದಲ ಮೊಬೈಲ್ ಕರೆ ಎಂದು ಅದನ್ನು ನೆನೆಯುತ್ತಾರೆ. ಎರಡು ವಾರ ಕಳೆದು, ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭಿಸಿತು. ಮೊದಲು ತೆರೆದ ನಗರಗಳಲ್ಲಿ ಬಾಂಬೆ, ದೆಹಲಿ, ಮದ್ರಾಸ್ ಜೊತೆ ಕಲ್ಕತ್ತಾವೂ ಇತ್ತು. ಅದಕ್ಕೆ ಮೊದಲು ಇಂಟರ್ನೆಟ್ ಇದ್ದದ್ದು ಮುಖ್ಯವಾಗಿ ವಿದ್ಯಾಸಂಸ್ಥೆಗಳಲ್ಲಿ. 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಶುರುವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಬಾಂಬೆಯ ಎನ್‌ಸಿಎಸ್‌ಟಿ ಮತ್ತು ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಸೇರಿದ್ದವು. ಕಲ್ಕತ್ತಾಕ್ಕೆ ಹತ್ತಿರದ ಖರಗ್‌ಪುರ ಆ ಐದರಲ್ಲಿ ಒಂದು.

ಅಗ್ಗದ ಸಂಪರ್ಕವೆಂದರೆ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಶೆಲ್ ಖಾತೆ. ಕಾಳಿಘಾಟ್‌ನ ಒಂದು ಮನೆಯಲ್ಲಿ ಅದನ್ನು ಬಳಸುವವರಿಗೆ ಸಿಗುತ್ತಿದ್ದುದು ಇವತ್ತಿನ ಅರ್ಥದ ಇಂಟರ್ನೆಟ್ ಅಲ್ಲ. ಮನೆಯ ಫೋನಿಗೆ ಮೋಡೆಮ್ ಜೋಡಿಸಿ ಕರೆ ಮಾಡಿದರೆ ನಿಗಮದ ಯುನಿಕ್ಸ್ ಯಂತ್ರದ ಕಪ್ಪು ಪರದೆ ತೆರೆದುಕೊಳ್ಳುತ್ತಿತ್ತು. ಮನೆಯ ಕಂಪ್ಯೂಟರ್ ಬರೀ ಪರದೆ ಮತ್ತು ಕೀಲಿಮಣೆ, ಜಾಲದಲ್ಲಿದ್ದುದು ಆ ಯಂತ್ರ. ಅಲ್ಲಿ ಟರ್ಮ್ ಎಂಬ ವೇರಿಯೇಬಲ್‌ಗೆ ವಿಟಿ100 ಎಂಬ ಸರಿಯಾದ ಬೆಲೆ ಇರಬೇಕು. ಇಲ್ಲವಾದರೆ ಪೈನ್‌ನಲ್ಲಿ ಅಂಚೆ ಓದಲು ಹೋದವರಿಗೆ, ಲಿಂಕ್ಸ್ ಬ್ರೌಸರಿನಲ್ಲಿ ಪುಟ ನೋಡಲು ಹೋದವರಿಗೆ ಪರದೆಯ ತುಂಬ ಚೆಲ್ಲಾಪಿಲ್ಲಿ ಅಕ್ಷರಗಳು. ಎನ್ವಿರಾನ್‌ಮೆಂಟ್ ವೇರಿಯೇಬಲ್ ಎಂಬುದರ ಪರಿಚಯ ನಮ್ಮಲ್ಲಿ ಆ ತಲೆಮಾರಿನ ಬಹಳ ಜನಕ್ಕೆ ಆದದ್ದು ಹೀಗೆ.

ಕಡತ ತರುವುದಂತೂ ಎರಡು ಹಂತದ ಪ್ರಯಾಣ. ಮೊದಲು ಎಫ್‌ಟಿಪಿಯಿಂದ ನಿಗಮದ ಯಂತ್ರಕ್ಕೆ, ಅಲ್ಲಿಂದ ಜೆಡ್‌ಮೋಡೆಮ್‌ನಂಥ ವಿಧಾನದಿಂದ ಫೋನ್ ತಂತಿಯ ಮೇಲೆ ಮನೆಗೆ. ಸೆಕೆಂಡಿಗೆ 9.6 ಕಿಲೋಬಿಟ್ ಸಾಗುವ ತಂತಿಯಲ್ಲಿ ಒಂದು ಮೆಗಾಬೈಟ್ ಇಳಿಯಲು ಯಾವ ಅಡ್ಡಿ ಇಲ್ಲದಿದ್ದರೂ 15 ನಿಮಿಷ ಬೇಕು. ನಡುವೆ ಕರೆ ಕಡಿದರೆ ಮತ್ತೆ ಡಯಲ್ ಮಾಡಬೇಕು.

ಕಡಿದುಹೋಗುವ ತಂತಿ, ಕಡಿಮೆ ವೇಗ ನಮ್ಮೊಬ್ಬರ ಕಷ್ಟವಾಗಿರಲಿಲ್ಲ. ಕ್ರೊಯೇಷಿಯಾದ ಹರ್ವೊಯೆ ನಿಕ್ಷಿಚ್ 1996ರಲ್ಲಿ ಹೊರತಂದ ಡಬ್ಲ್ಯುಗೆಟ್ ಎಂಬ ಪ್ರೋಗ್ರಾಮ್ ಇಂಥ ತಂತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಳೆಯಿತು. ಸಂಪರ್ಕ ಕಡಿದರೆ ಮತ್ತೆ ಮತ್ತೆ ಯತ್ನಿಸುತ್ತದೆ, ನಿಂತಲ್ಲಿಂದಲೇ ಮುಂದುವರಿಸುತ್ತದೆ. ಅದೇ ವರ್ಷ ಬ್ರೆಜಿಲ್‌ನ ರಫಾಯೆಲ್ ಸಗುಲಾ ಬರೆದ ಎಚ್‌ಟಿಟಿಪಿಗೆಟ್ ಎಂಬ ಪುಟ್ಟ ಪ್ರೋಗ್ರಾಮನ್ನು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಕೈಗೆತ್ತಿಕೊಂಡರು. ಹರಟೆಯ ಚಾನೆಲ್ ಒಂದರಲ್ಲಿ ಕರೆನ್ಸಿ ದರ ಹೇಳುವ ಬಾಟ್‌ಗೆ ದಿನದ ದರಗಳನ್ನು ವೆಬ್‌ನಿಂದ ತರಬೇಕಿತ್ತು, ಅಷ್ಟೇ ಉದ್ದೇಶ. ಹೆಸರು ಎರಡು ಸಲ ಬದಲಾಗಿ 1998ರ ಮಾರ್ಚ್ 20ರಂದು ಅದು ಕರ್ಲ್ ಎಂದು ಹೊರಬಂತು. ಎರಡೂ ಪ್ರೋಗ್ರಾಮ್‌ಗಳು ಪ್ರಾಕ್ಸಿಯ ವಿಳಾಸವನ್ನು ಸರ್ನ್ ಹಾಕಿಕೊಟ್ಟ ಹೆಸರಿನಲ್ಲೇ ಹುಡುಕುತ್ತವೆ.

ನಮ್ಮ ಕ್ಯಾಂಪಸ್‌ಗಳಲ್ಲಿ ಆ ಹೆಸರು ಅನ್ನ ನೀರಿನಂತೆ ಆಯಿತು. ಸಾವಿರಾರು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಹೊರದಾರಿ. ಅದನ್ನು ಹಂಚಿಕೊಳ್ಳಲು 1996ರಲ್ಲಿ ಬಂದ ಸ್ಕ್ವಿಡ್‌ನಂಥ ಪ್ರಾಕ್ಸಿ. ಹಾಸ್ಟೆಲಿಗೆ ಬಂದ ಹೊಸಬರಿಗೆ ಹಿರಿಯರು ಕೊಡುತ್ತಿದ್ದ ಮೊದಲ ಉಪದೇಶಗಳಲ್ಲಿ ಪ್ರಾಕ್ಸಿಯ ವಿಳಾಸ, ಪೋರ್ಟ್ ಸಂಖ್ಯೆ ಇರುತ್ತಿದ್ದವು. ಎಕ್ಸ್‌ಪೋರ್ಟ್ ಸಾಲನ್ನು ಶೆಲ್ಲಿನ ಆರಂಭದ ಕಡತದಲ್ಲಿ ಒಮ್ಮೆ ಬರೆದಿಟ್ಟರೆ ನಾಲ್ಕು ವರ್ಷದ ಓದು ಮುಗಿಯುವವರೆಗೂ ಆ ಕಡೆ ನೋಡುವ ಕೆಲಸವಿಲ್ಲ. ಆದರೂ ಕೆಲವೊಮ್ಮೆ ದಾರಿ ತಪ್ಪುತ್ತಿತ್ತು. ಕರ್ಲ್ ಸರಿಯಾಗಿ ಕಡತ ತರುತ್ತದೆ, ಅದೇ ಪರದೆಯಲ್ಲಿ ಸುಡೊ ಹಾಕಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಹೋದರೆ ಸಂಪರ್ಕವೇ ಇಲ್ಲ. ಕಾರಣ, ಸುಡೊ ಸಾಮಾನ್ಯವಾಗಿ ಪಟ್ಟಿಯ ಬಹುಪಾಲನ್ನು ಒರೆಸಿಹಾಕಿ ಪ್ರೋಗ್ರಾಮ್ ಓಡಿಸುತ್ತದೆ. ಆಡಳಿತಾಧಿಕಾರದಿಂದ ಓಡುವ ಪ್ರೋಗ್ರಾಮ್ ಯಾರೋ ಬರೆದ ಪಟ್ಟಿಯನ್ನು ನಂಬಬಾರದು ಎಂಬ ಎಚ್ಚರ ಅದು. ಅಂದರೆ ಪಟ್ಟಿಯ ಮೇಲಿನ ಅನುಮಾನ ಒಂದು ಮೂಲೆಯಲ್ಲಿ ಆಗಲೇ ಹುಟ್ಟಿತ್ತು.

ಒಂದು ಹೆಸರು, ಇಬ್ಬರು ವಾರಸುದಾರರು

ಅನುಮಾನ ನಿಜವಾದದ್ದು ಬೇರೆ ಕಡೆಯಿಂದ. ಸರ್ನ್‌ನಲ್ಲಿ ಪ್ರಾಕ್ಸಿಯ ಹೆಸರು ಹುಟ್ಟುವುದಕ್ಕೆ ತುಸು ಮೊದಲು, 1993ರಲ್ಲಿ, ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯ ವೆಬ್ ಸರ್ವರ್ ಸುತ್ತ ಸಿಜಿಐ ಎಂಬ ಒಪ್ಪಂದವೊಂದು ರೂಪುಗೊಂಡಿತ್ತು. ವೆಬ್ ಪುಟವನ್ನು ಕಡತದಿಂದ ಕೊಡುವ ಬದಲು ಒಂದು ಪ್ರೋಗ್ರಾಮ್ ಓಡಿಸಿ ಅದರ ಉತ್ತರವನ್ನು ಕೊಡುವ ವಿಧಾನ ಅದು. ಬ್ರೌಸರ್ ಕಳಿಸಿದ ವಿವರಗಳನ್ನು ಆ ಪ್ರೋಗ್ರಾಮಿಗೆ ತಲುಪಿಸುವುದು ಹೇಗೆ ಎಂಬ ಪ್ರಶ್ನೆಗೆ ಎನ್‌ಸಿಎಸ್‌ಎಯವರಿಗೂ ಹೊಳೆದದ್ದು ಅದೇ ಯುನಿಕ್ಸ್ ಪಟ್ಟಿ.

ಬ್ರೌಸರ್ ಪ್ರತಿ ಬೇಡಿಕೆಯ ಜೊತೆಗೂ ಕೆಲವು ಹೆಡರ್‌ಗಳನ್ನು ಕಳಿಸುತ್ತದೆ: ತಾನು ಯಾವ ಬ್ರೌಸರ್, ಯಾವ ಭಾಷೆ ಬೇಕು ಇತ್ಯಾದಿ. ಸಿಜಿಐ ನಿಯಮದ ಪ್ರಕಾರ ಸರ್ವರ್ ಪ್ರತಿ ಹೆಡರಿನ ಹೆಸರನ್ನು ದೊಡ್ಡಕ್ಷರಕ್ಕೆ ತಿರುಗಿಸಿ, ನಡುಗೆರೆಯನ್ನು ಅಡಿಗೆರೆ ಮಾಡಿ, ಮುಂದೆ ಎಚ್‌ಟಿಟಿಪಿ ಮತ್ತು ಅಡಿಗೆರೆ ಅಂಟಿಸಿ ಪಟ್ಟಿಗೆ ಸೇರಿಸುತ್ತದೆ. ಹೀಗೆ ಅಂಟಿಸುವುದರಿಂದ ಒಂದು ರಕ್ಷಣೆಯೂ ಸಿಗುತ್ತಿತ್ತು. ಯಾರಾದರೂ ಕಿಡಿಗೇಡಿ 'ಪಾತ್' ಎಂಬ ಹೆಡರ್ ಕಳಿಸಿದರೂ ಯಂತ್ರದ ಪಾತ್ ಅಳಿಸಿಹೋಗದು, ಅದು ಎಚ್‌ಟಿಟಿಪಿ ಎಂಬ ಮುನ್ನುಡಿ ಹೊತ್ತು ಬೇರೆಯೇ ಹೆಸರಾಗಿ ಕೂರುತ್ತದೆ. ಹೊರಗಿನವರು ತಂದದ್ದಕ್ಕೆಲ್ಲ ಒಂದೇ ಮನೆತನದ ಹೆಸರು.

ಈಗ ಎರಡು ನಿಯಮಗಳನ್ನು ಪಕ್ಕಪಕ್ಕ ಇಡಬೇಕು. ಹೊರಗಿನವರೊಬ್ಬರು 'ಪ್ರಾಕ್ಸಿ' ಎಂಬ ಹೆಡರ್ ಕಳಿಸಿದರೆ ಪಟ್ಟಿಯಲ್ಲಿ ಅದರ ಹೆಸರೇನಾಗುತ್ತದೆ? ಎಚ್‌ಟಿಟಿಪಿ, ಅಡಿಗೆರೆ, ಪ್ರಾಕ್ಸಿ, ಎಲ್ಲವೂ ದೊಡ್ಡಕ್ಷರದಲ್ಲಿ. ಯಂತ್ರದ ಯಜಮಾನರು ಪ್ರಾಕ್ಸಿಯ ವಿಳಾಸ ಹೇಳಲು ಬಳಸುವ ಹೆಸರೂ ಅದೇ. ಕಳ್ಳರು ಬರಬಾರದೆಂದು ಹಾಕಿದ ಬೇಲಿಯಲ್ಲೇ ಬಾಗಿಲು ಮೂಡಿತು. ಸಿಜಿಐ ಪ್ರೋಗ್ರಾಮ್ ಆ ಹೊತ್ತಿನಲ್ಲಿ ಬೇರೊಂದು ಸರ್ವರಿಗೆ ಎಚ್‌ಟಿಟಿಪಿ ಬೇಡಿಕೆ ಕಳಿಸಬೇಕಾಗಿ ಬಂದರೆ, ಅದರ ಕೈಯಲ್ಲಿರುವ ಸಲಕರಣೆ ಪಟ್ಟಿ ನೋಡುತ್ತದೆ, ದೊಡ್ಡಕ್ಷರದ ಹೆಸರಿನಲ್ಲಿ ಒಂದು ವಿಳಾಸ ಕಾಣುತ್ತದೆ, ಬೇಡಿಕೆಯನ್ನು ಅಲ್ಲಿಗೇ ಕಳಿಸುತ್ತದೆ. ಆ ವಿಳಾಸದಲ್ಲಿ ಕಾದು ಕೂತವರು ಹೆಡರ್ ಕಳಿಸಿದವರು. ಗುಟ್ಟಿನ ಕೀಲಿಗಳಿದ್ದರೆ ಓದಿಕೊಳ್ಳಬಹುದು, ಉತ್ತರವನ್ನು ತಿರುಚಿ ಹಿಂದಿರುಗಿಸಬಹುದು.

ಯಾರೂ ಯಾವ ಬೀಗವನ್ನೂ ಮುರಿಯಲಿಲ್ಲ. ಎರಡು ಸಂಸ್ಥೆಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾದ ನಿಯಮ ಮಾಡಿಕೊಂಡಿದ್ದವು, ಪರಸ್ಪರ ಕೇಳಿರಲಿಲ್ಲ. ಪಟ್ಟಿಯಲ್ಲಿ ಬರೆದವರ ಸಹಿ ಇಲ್ಲ ಎಂಬ 1979ರ ಸಣ್ಣ ಸಂಗತಿ ಈಗ ದೊಡ್ಡದಾಯಿತು. ಯಜಮಾನರು ಬರೆದ ಸಾಲೂ ದಾರಿಹೋಕರು ಬರೆಸಿದ ಸಾಲೂ ನೋಡಲು ಒಂದೇ.

2001ರ ಮಾರ್ಚ್‌ನಲ್ಲಿ ಇದನ್ನು ಪರ್ಲ್ ಭಾಷೆಯ ವೆಬ್ ಲೈಬ್ರರಿಯಲ್ಲಿ ಗುರುತಿಸಿ ವರದಿ ಮಾಡಿದವರು ರಾಂಡಲ್ ಶ್ವಾರ್ಟ್ಸ್. ಅಲ್ಲಿ ಅದು ಸರಿಹೋಯಿತು. ಏಪ್ರಿಲ್‌ನಲ್ಲಿ ಕ್ರಿಸ್ ಬೈಲಿಫ್ ಇದೇ ತೊಡಕನ್ನು ಕರ್ಲ್‌ನಲ್ಲಿ ಗುರುತಿಸಿದರು. ಕರ್ಲ್ ಕಂಡುಕೊಂಡ ಪರಿಹಾರ ಸರಳ: ಈ ಒಂದು ಹೆಸರಿನ ಮಟ್ಟಿಗೆ ದೊಡ್ಡಕ್ಷರದ ರೂಪವನ್ನು ಓದುವುದನ್ನೇ ಬಿಡುವುದು. ಸಿಜಿಐ ಸೇರಿಸುವುದೆಲ್ಲ ದೊಡ್ಡಕ್ಷರದಲ್ಲಿ. ಸಣ್ಣಕ್ಷರದ ಸಾಲನ್ನು ಹೊರಗಿನವರು ಬರೆಸಲಾರರು. ಎಚ್‌ಟಿಟಿಪಿಎಸ್, ಎಫ್‌ಟಿಪಿ ಮೊದಲಾದ ಉಳಿದ ಹೆಸರುಗಳು ಎಚ್‌ಟಿಟಿಪಿ ಮತ್ತು ಅಡಿಗೆರೆಯಿಂದ ಶುರುವಾಗುವುದಿಲ್ಲ, ಆದ್ದರಿಂದ ಅವುಗಳ ಎರಡೂ ರೂಪ ಉಳಿದವು. ಕರ್ಲ್‌ನ ಮಡಿವಂತಿಕೆಯ ಗುಟ್ಟು ಇಷ್ಟು.

ಅಕ್ಷರಕ್ಕೆ ದೊಡ್ಡದು ಸಣ್ಣದೆಂಬುದು

ಈ ಇಡೀ ರಕ್ಷಣೆ ನಿಂತಿರುವುದು ಕನ್ನಡದಲ್ಲಿ ಬರೆದು ತೋರಿಸಲಾಗದ ಒಂದು ಭೇದದ ಮೇಲೆ. ಕನ್ನಡ ಲಿಪಿಗೆ ದೊಡ್ಡಕ್ಷರ ಸಣ್ಣಕ್ಷರಗಳಿಲ್ಲ. ಕಾಳಿಘಾಟ್‌ನ ಅಂಗಡಿ ಫಲಕಗಳ ಬಾಂಗ್ಲಾ ಲಿಪಿಗೂ ಇಲ್ಲ. ಈ ಪ್ರಬಂಧದಲ್ಲೇ ಆ ಎರಡು ಹೆಸರುಗಳನ್ನು ಬೇರೆಯಾಗಿ ಬರೆಯುವಂತಿಲ್ಲ, ಬೇರೆ ಎಂದು ಹೇಳಬಹುದಷ್ಟೆ.

ಕೋಲ್ಕತ್ತಾದಿಂದ ಹೂಗ್ಲಿ ನದಿಯ ಮೇಲ್ದಿಕ್ಕಿಗಿರುವ ಶ್ರೀರಾಂಪುರದ ಮುದ್ರಣಾಲಯದಲ್ಲಿ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡದ ಮೊಳೆಗಳನ್ನು ಬಳಸಿ ಅಚ್ಚಾದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಇಂಗ್ಲಿಷ್ ವಿವರಣೆಯ ನಡುವೆ ಕನ್ನಡ ಅಕ್ಷರಗಳಿರುವ ಇಂಥ ಪುಸ್ತಕಕ್ಕೆ ಎರಡು ಬಗೆಯ ಮೊಳೆಜೋಡಣೆ ಬೇಕು. ಇಂಗ್ಲಿಷಿಗೆ ಮೇಲಿನ ಪೆಟ್ಟಿಗೆಯಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ ಇಟ್ಟುಕೊಳ್ಳುವುದು ಮುದ್ರಕರ ವಾಡಿಕೆ. ಇಂಗ್ಲಿಷಿನಲ್ಲಿ ಇವಕ್ಕೆ ಅಪ್ಪರ್ ಕೇಸ್, ಲೋವರ್ ಕೇಸ್ ಎಂಬ ಹೆಸರು ಬಂದದ್ದೇ ಆ ಪೆಟ್ಟಿಗೆಗಳಿಂದ. ಕನ್ನಡಕ್ಕೆ ಒತ್ತಕ್ಷರ, ಗುಣಿತಾಕ್ಷರಗಳೆಲ್ಲ ಸೇರಿ ಮೊಳೆಗಳ ಸಂಖ್ಯೆ ಹೆಚ್ಚು ಬೇಕಾದರೂ ಮೇಲು ಕೀಳಿನ ಪೆಟ್ಟಿಗೆ ಬೇಕಿಲ್ಲ.

ಇಂಗ್ಲಿಷ್ ಓದುವವರಿಗೆ ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಕ್ಷರದ ಎರಡು ಉಡುಪು. ಯುನಿಕ್ಸ್‌ಗೆ ಹಾಗಲ್ಲ. ಕಂಪ್ಯೂಟರಿನ ಆಸ್ಕಿ ಸಂಕೇತದಲ್ಲಿ ದೊಡ್ಡ ಎ 65, ಸಣ್ಣ ಎ 97. ಎರಡು ಬೇರೆ ಸಂಖ್ಯೆ, ಆದ್ದರಿಂದ ಎರಡು ಬೇರೆ ಹೆಸರು. ಮೈಕ್ರೋಸಾಫ್ಟ್‌ನ ವಿಂಡೋಸ್‌ನ ಪಟ್ಟಿ ಓದುವುದು ಮನುಷ್ಯರಂತೆ; ಅಲ್ಲಿ ವೇರಿಯೇಬಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳಿಗೆ ಭೇದವಿಲ್ಲ. ಹೀಗಾಗಿ ಕರ್ಲ್ ಕಂಡುಕೊಂಡ ಬೇಲಿ ವಿಂಡೋಸ್‌ನಲ್ಲಿ ಓಡುವ ಸಿಜಿಐ ಪ್ರೋಗ್ರಾಮ್‌ಗಳನ್ನು ಕಾಯಲಾರದು. ಯುನಿಕ್ಸ್ ಲೋಕದ ಪೋಸಿಕ್ಸ್ ನಿಯಮಾವಳಿ ಮಾತ್ರ ಒಂದು ಗೆರೆ ಎಳೆದಿದೆ: ವ್ಯವಸ್ಥೆಯ ಮೂಲ ಸಲಕರಣೆಗಳು ಬಳಸುವ ವೇರಿಯೇಬಲ್ ಹೆಸರುಗಳು ದೊಡ್ಡಕ್ಷರದಲ್ಲಿರಲಿ, ಸಣ್ಣಕ್ಷರದ ಹೆಸರುಗಳು ಅನ್ವಯಿಕ ಪ್ರೋಗ್ರಾಮ್‌ಗಳಿಗೆ ಮೀಸಲು. ಸರ್ನ್‌ನವರ 1994ರ ಆಯ್ಕೆ ಈ ಗೆರೆಯ ಸರಿಯಾದ ಬದಿಯಲ್ಲೇ ಇತ್ತು. ಅದನ್ನು ದಾಟಿದವರು ಬಳಸುವವರಿಗೆ ಅನುಕೂಲವಾಗಲಿ ಎಂದುಕೊಂಡವರು.

ಹದಿನೈದು ವರ್ಷ ಕಳೆದು

2001ರಲ್ಲಿ ಎರಡು ಕಡೆ ಸರಿಹೋದದ್ದು ಎಲ್ಲ ಕಡೆಯೂ ಸರಿಹೋಗಬೇಕಿತ್ತು. ಹೋಗಲಿಲ್ಲ. 2012ರಲ್ಲಿ ರೂಬಿ ಭಾಷೆಯ ಲೈಬ್ರರಿಗೆ ಪ್ರಾಕ್ಸಿ ವೇರಿಯೇಬಲ್ ಓದುವ ಸೌಲಭ್ಯ ಸೇರಿಸುವಾಗ ಅದರ ಕರ್ತೃಗಳು ಈ ಅಪಾಯವನ್ನು ಗಮನಿಸಿ ತಪ್ಪಿಸಿಕೊಂಡರು. ಆಮೇಲೆ ಎಂಜಿನ್‌ಎಕ್ಸ್, ಅಪಾಚೆ ಸರ್ವರುಗಳ ಚರ್ಚೆಗಳಲ್ಲೂ ಅದು ಸುಳಿದುಹೋಯಿತು. ಪ್ರತಿ ಸಲವೂ ಗಮನಿಸಿದವರು ತಮ್ಮ ಮನೆಯ ಬಾಗಿಲು ಹಾಕಿಕೊಂಡರು, ಬೀದಿಗೆ ಡಂಗುರ ಸಾರಲಿಲ್ಲ.

2016ರ ಜುಲೈನಲ್ಲಿ ವೆಂಡ್ ಎಂಬ ಕಂಪನಿಯ ಸ್ಕಾಟ್ ಗಿಯರಿ ಪಿಎಚ್‌ಪಿಯಲ್ಲಿ ಬರೆದ ನಿಜವಾದ ವ್ಯವಸ್ಥೆಯೊಂದರಲ್ಲೇ ಇದು ಇನ್ನೂ ಸಾಧ್ಯ ಎಂದು ತೋರಿಸಿದರು. ಅವರ ತಂಡದವರು ಬೇರೆ ಭಾಷೆಗಳಲ್ಲೂ ಹುಡುಕಿದಾಗ ಗೋ, ಪೈಥಾನ್, ಅಪಾಚೆ, ಟಾಮ್‌ಕ್ಯಾಟ್ ಎಂದು ಪಟ್ಟಿ ಬೆಳೆಯಿತು. ಜುಲೈ 18ರಂದು ಎಲ್ಲರೂ ಒಟ್ಟಿಗೆ ಪ್ರಕಟಿಸಿದರು, 'ಎಚ್‌ಟಿಟಿಪಾಕ್ಸಿ' ಎಂಬ ಹೆಸರಿಟ್ಟರು. ಹೊಸ ಪೀಳಿಗೆಯ ಕೋಡ್ ಬರೆದವರು ಹಳೆಯ ಪೀಳಿಗೆ ಕಲಿತ ಪಾಠವನ್ನು ಓದಿರಲಿಲ್ಲ. ಪಾಠ ಕರ್ಲ್‌ನ ಕೈಪಿಡಿಯಲ್ಲಿ ಇತ್ತು, ಆದರೆ ಇನ್ನೊಬ್ಬರ ಕೈಪಿಡಿಯನ್ನು ಯಾರು ಓದುತ್ತಾರೆ?

ಪರಿಹಾರ ಈ ಸಲವೂ ಸರಳವಾಗಿತ್ತು. ಪ್ರಾಕ್ಸಿ ಎಂಬ ಹೆಡರ್ ಯಾವ ಮಾನ್ಯ ನಿಯಮದಲ್ಲೂ ಇಲ್ಲ, ಪ್ರಾಮಾಣಿಕ ಬ್ರೌಸರ್ ಅದನ್ನು ಕಳಿಸುವುದೇ ಇಲ್ಲ. ಆದ್ದರಿಂದ ಸರ್ವರ್ ಅದನ್ನು ಬಾಗಿಲಲ್ಲೇ ಎಸೆದರೆ ಯಾರಿಗೂ ನಷ್ಟವಿಲ್ಲ. ಗೋ ಭಾಷೆಯವರು ಇನ್ನೊಂದು ಉಪಾಯ ಮಾಡಿದರು. ಪಟ್ಟಿಯಲ್ಲಿ ಸಿಜಿಐನ ಗುರುತು ಕಂಡರೆ ದೊಡ್ಡಕ್ಷರದ ಪ್ರಾಕ್ಸಿಯನ್ನು ನಂಬುವುದಿಲ್ಲ. ಹೊರಗಿನವರು ಈ ಪಟ್ಟಿಯಲ್ಲಿ ಬರೆದಿರಬಹುದು ಎಂಬ ಸುಳಿವು ಸಿಕ್ಕಿದರೆ ಸಾಕು, ಆ ಸಾಲನ್ನು ಬಿಡುವುದು.

ಈಗ ಬಳಸುವವರಿಗೆ

ಈ ಚರಿತ್ರೆಯ ಗುರುತುಗಳು ಇವತ್ತಿನ ಬಳಕೆಯಲ್ಲೂ ಇವೆ. ಪ್ರಾಕ್ಸಿಯ ಹೆಸರನ್ನು ಸಣ್ಣಕ್ಷರದಲ್ಲೇ ಬರ‍ೆದರೆ ಕರ್ಲ್, ಡಬ್ಲ್ಯುಗೆಟ್ ಎರಡಕ್ಕೂ ಆಗುತ್ತದೆ. ಎಚ್‌ಟಿಟಿಪಿಎಸ್ ವಿಳಾಸಗಳಿಗೆ ಬೇರೆಯೇ ವೇರಿಯೇಬಲ್ ಬೇಕು. ಹೆಸರು ಸೂಚಿಸುವುದು ಹೋಗಬೇಕಾದ ವಿಳಾಸದ ಬಗೆಯನ್ನು, ಪ್ರಾಕ್ಸಿಯ ಬಗೆಯನ್ನಲ್ಲ. ಇದನ್ನು ಅದಲು ಬದಲು ಮಾಡಿಕೊಂಡವರು ಬಹಳ. ಯಾವುದಕ್ಕೂ ಪ್ರತ್ಯೇಕ ಸಾಲು ಇಲ್ಲದಿದ್ದರೆ ಕರ್ಲ್ ಆಲ್ ಪ್ರಾಕ್ಸಿ ಎಂಬುದನ್ನು ನೋಡುತ್ತದೆ. ಪ್ರಾಕ್ಸಿ ಬೇಡದ ವಿಳಾಸಗಳನ್ನು ನೋ ಪ್ರಾಕ್ಸಿ ಎಂಬುದರಲ್ಲಿ ಅಲ್ಪವಿರಾಮ ಹಾಕಿ ಬರೆಯಬೇಕು. ಇದನ್ನು ಒಂದೊಂದು ಪ್ರೋಗ್ರಾಮ್ ಒಂದೊಂದು ರೀತಿ ಓದುತ್ತದೆ. ಐಪಿ ವಿಳಾಸಗಳ ಇಡೀ ಗುಂಪನ್ನು ಒಂದೇ ಸಾಲಿನಲ್ಲಿ ಹೇಳುವ ಬಗೆಯನ್ನು ಕರ್ಲ್ ಒಪ್ಪತೊಡಗಿದ್ದು 2022ರ 7.86.0 ಆವೃತ್ತಿಯಿಂದ. ಒಂದು ಪ್ರೋಗ್ರಾಮಿನಲ್ಲಿ ಸರಿಯಾದ ಸಾಲು ಇನ್ನೊಂದರಲ್ಲಿ ಕೆಲಸ ಮಾಡದಿದ್ದರೆ ಅಚ್ಚರಿಪಡಬೇಕಿಲ್ಲ.

ಪ್ರಾಕ್ಸಿಗೆ ಹೆಸರು, ಪಾಸ್‌ವರ್ಡ್ ಬೇಕಾದರೆ ಅವನ್ನೂ ವಿಳಾಸದೊಳಗೇ ಬರೆಯುವ ಪದ್ಧತಿಯಿದೆ. ಕಮಾಂಡ್ ಸಾಲಿನಲ್ಲಿ ಬರೆದರೆ ಅದೇ ಯಂತ್ರದ ಬೇರೆಯವರಿಗೂ ಕಾಣಬಹುದು ಎಂಬ ಕಾರಣಕ್ಕೆ ವೇರಿಯೇಬಲ್‌ನಲ್ಲಿ ಇಡುತ್ತಾರೆ. ಆದರೆ ಇಟ್ಟದ್ದು ಮಗು, ಮೊಮ್ಮಗು ಪ್ರೋಗ್ರಾಮ್‌ಗಳಿಗೆಲ್ಲ ಹೋಗುತ್ತದೆ. ಅವುಗಳಲ್ಲಿ ಯಾವುದಾದರೂ ಕೆಟ್ಟು ನಿಂತಾಗ ತನ್ನ ಪಟ್ಟಿಯನ್ನೆಲ್ಲ ಲಾಗ್ ಕಡತಕ್ಕೆ ಸುರಿದರೆ ಪಾಸ್‌ವರ್ಡ್ ಕೂಡ ಅಲ್ಲಿರುತ್ತದೆ. ಗುಟ್ಟನ್ನು ಪಟ್ಟಿಗೆ ಹಾಕುವ ಮೊದಲು ಪಟ್ಟಿ ಯಾರ ಯಾರ ಮನೆಗೆ ಹೋಗುತ್ತದೆ ಎಂದು ಯೋಚಿಸಬೇಕು.

ಎಲ್ಲಕ್ಕಿಂತ ಮೇಲಿನದು ಕಮಾಂಡ್ ಸಾಲಿನಲ್ಲಿ ಬಾಯಿಬಿಟ್ಟು ಹೇಳಿದ ಮಾತು. ಮೈನಸ್ ಎಕ್ಸ್ ಎಂದು ಬರೆದು ಪ್ರಾಕ್ಸಿ ಕೊಟ್ಟರೆ ಪಟ್ಟಿಯಲ್ಲಿ ಬೇರೆ ಪ್ರಾಕ್ಸಿಯ ವಿಳಾಸ ಇದ್ದರೂ ಕರ್ಲ್ ಅದನ್ನು ಬಿಟ್ಟು ಇದನ್ನು ತೆಗೆದುಕೊಳ್ಳುತ್ತದೆ. ನೋಪ್ರಾಕ್ಸಿ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಯಾವ ಪ್ರಾಕ್ಸಿಯನ್ನೂ ಬಳಸುವುದಿಲ್ಲ. ಕಾರಣ ತಿಳಿಯದೆ ಬೇಡಿಕೆ ಎಲ್ಲಿಗೋ ಹೋಗುತ್ತಿದೆ ಎನಿಸಿದರೆ ಮೈನಸ್ ವಿ ಸೇರಿಸಿ ಓಡಿಸಬಹುದು. ಈಗಿನ ಕರ್ಲ್ ತಾನು ಯಾವ ವೇರಿಯೇಬಲ್‌ನಿಂದ ಯಾವ ಪ್ರಾಕ್ಸಿಯನ್ನು ತೆಗೆದುಕೊಂಡೆ ಎಂದು ಅಲ್ಲಿ ಹೆಸರು ಸಮೇತ ಹೇಳುತ್ತದೆ. 'ಎನ್ವ್' ಎಂದು ಟೈಪ್ ಮಾಡಿದರೆ ಇಡೀ ಪಟ್ಟಿಯೇ ಪರದೆಯ ಮೇಲೆ ಬರುತ್ತದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ, ಬೇರೆಯವರು ಕಟ್ಟಿಕೊಟ್ಟ ಕಂಟೇನರಿನಲ್ಲಿ, ಬಾಡಿಗೆಯ ಕ್ಲೌಡ್ ಯಂತ್ರದಲ್ಲಿ ಅದನ್ನು ಮೊದಲ ಸಲ ನೋಡುವವರು ತಾವು ಎಂದೂ ಬರೆಯದ ಸಾಲುಗಳನ್ನು ಅಲ್ಲಿ ಕಾಣುತ್ತಾರೆ. ಬಹುಪಾಲು ನಿರಪಾಯದವು, ಯಾರೋ ಅನುಕೂಲಕ್ಕೆಂದು ಸೇರಿಸಿದವು. ಪ್ರಾಕ್ಸಿಯ ಸಾಲು ಕಂಡರೆ ಮಾತ್ರ ಅದರ ಮುಂದಿರುವ ವಿಳಾಸ ಯಾರದು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.